ಮಾಡು ಮೊದಲು, ಗೋಡೆ ಆಮೇಲೆ

ಅಮೆರಿಕದ ವರ್ಜೀನಿಯಾಕ್ಕೆ ಬಂದ ಮೇಲೆ, ಊರಿಂದ ಯಾರೇ ಬಂದರೂ ಅವರಿಗೆ ಜೇಮ್ಸ್‌ಟೌನ್ ತೋರಿಸುವ ಕೆಲಸ ನನ್ನ ಪಾಲಿಗೆ. 1607ರಲ್ಲಿ ನೂರು ಚಿಲ್ಲರೆ ಇಂಗ್ಲಿಷರು ಹಡಗಿಳಿದು ಕೋಟೆ ಕಟ್ಟಿಕೊಂಡ ಜಾಗ ಅದು. ಅಲ್ಲಿ ಹಳೇ ರೀತಿಯಲ್ಲೇ ಮತ್ತೆ ಕಟ್ಟಿರುವ ಮನೆಗಳಿವೆ. ಮೂರನೇ ಸಲವೋ ನಾಲ್ಕನೇ ಸಲವೋ ಹೋದಾಗ ಗೋಡೆಯ ಮಣ್ಣು ಉದುರಿದ ಒಂದು ಕಡೆ ಒಳಗಿನ ಸೀಳು ಮರ ಕಾಣಿಸಿತು. ಅರೆ, ಇದು ಮಲೆನಾಡಿನ ಸಾಗರ ಊರಿನ ಹತ್ತಿರ ಅಜ್ಜನ ಮನೆಯ ಕೊಟ್ಟಿಗೆಯ ಗೋಡೆಯೇ ಅಲ್ವಾ! ಅಲ್ಲಿ ಅಡಿಕೆ ದಬ್ಬೆ, ಇಲ್ಲಿ ಓಕ್ ಸೀಳು. ಮಣ್ಣು ಮೆತ್ತುವುದು ಎರಡೂ ಕಡೆ ಒಂದೇ. ಹಿತ್ತಲಲ್ಲಿ ನಾನೂ ಒಂದು ಕಟ್ಟಿ ನೋಡೋಣ ಅನ್ನಿಸಿತು. ಎಂಟಡಿ, ಆರಡಿ. ಸಾಮಾನು ಇಡಲು ಸಾಕು.

ಈ ರೀತಿಗೆ ‘ಮಡ್ ಅಂಡ್ ಸ್ಟಡ್’ ಅನ್ನುತ್ತಾರೆ. ಇಂಗ್ಲೆಂಡಿನ ಲಿಂಕನ್‌ಶೈರ್ ಕಡೆಯದು. ಅಡಿಪಾಯ ಇಲ್ಲ. ಕಂಬಗಳನ್ನು ನೇರ ನೆಲದಲ್ಲೇ ಹೂಳುವುದು, ನಡುವೆ ಅಡ್ಡಪಟ್ಟಿ ಬಿಗಿದು ಅದಕ್ಕೆ ಸೀಳುಗಳನ್ನು ನಿಲ್ಲಿಸಿ ಮೊಳೆ ಹೊಡೆಯುವುದು, ಮೇಲೆ ಮಣ್ಣು. ನಾನು ಎರಡೂವರೆ ಅಡಿ ಗುಂಡಿ ತೋಡಿ ಮೂರು ಮೂಲೆಗೆ ಲೋಕಸ್ಟ್ ಮರದ ಕಂಬ ಹಾಕಿದೆ. ನೆಲದಲ್ಲಿದ್ದರೂ ಬೇಗ ಲಡ್ಡಾಗದ ಮರ ಅದು. ನಾಲ್ಕನೆಯದಕ್ಕೆ ಸಿಗಲಿಲ್ಲ, ಕೆಂಪು ಓಕ್ ಹಾಕಿ ಸುಮ್ಮನಾದೆ. ಅದರ ಕಥೆ ಆಮೇಲೆ.

ಮರ ಸೀಳುವ ಕೆಲಸ ನನಗೆ ತುಂಬಾ ಹಿಡಿಸಿತು. ‘ಫ್ರೋ’ ಅಂತ ಒಂದು ಹತಾರ. ಉದ್ದ ಅಲಗು, ಅದರ ತುದಿಗೆ ನೆಟ್ಟಗೆ ನಿಂತ ಹಿಡಿ. ಹಸಿ ಓಕ್ ದಿಮ್ಮಿಯ ತಲೆಗೆ ಅಲಗಿಟ್ಟು ಮರದ ಕೊಡತಿಯಿಂದ ಹೊಡೆದು ಹಿಡಿಯನ್ನು ತಿರುವಿದರೆ ಚರ್ರ್ ಅಂತ ಸೀಳುತ್ತದೆ. ಸೀಳು ಒಂದು ಬದಿಗೆ ಓಡತೊಡಗಿದರೆ ದಪ್ಪಗಿರುವ ಭಾಗವನ್ನು ಒತ್ತಿ ಬಗ್ಗಿಸಬೇಕು, ಆಗ ಮತ್ತೆ ನಡುವಿಗೆ ಬರುತ್ತದೆ. ಇದು ಕೈಗೆ ಬರುವಷ್ಟರಲ್ಲಿ ಅರ್ಧ ದಿಮ್ಮಿ ಸೌದೆಯಾಗಿತ್ತು! ಗರಗಸದಲ್ಲಿ ಕೊಯ್ದ ಹಲಗೆಯಲ್ಲಿ ನಾರು ತುಂಡಾಗಿರುತ್ತದೆ. ಸೀಳಿದ್ದರಲ್ಲಿ ನಾರು ಉದ್ದಕ್ಕೂ ಹಾಗೇ ಇರುತ್ತದೆ, ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ.

ಇನ್ನು ಮಣ್ಣು. ಇಲ್ಲಿಯದು ಕೆಂಪು ಜೇಡಿ. ನೆಲದಿಂದ ಅಗೆದದ್ದನ್ನೇ ಮೆತ್ತಿದೆ. ಒಣಗಿದಾಗ ಬೆರಳು ತೂರುವಷ್ಟು ಬಿರುಕು. ಆಮೇಲೆ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಒಂದು ದಿನ ಬಿಟ್ಟು ನೋಡಿದೆ. ತಳದಲ್ಲಿ ಮರಳು ಒಂದು ಗೆರೆಯಷ್ಟೇ. ಕೊನೆಗೆ ನನಗೆ ಒಗ್ಗಿದ್ದು ಒಂದು ಪಾಲು ಜೇಡಿಗೆ ಎರಡು ಪಾಲು ಮರಳು, ಗೇಣುದ್ದ ಕತ್ತರಿಸಿದ ಹುಲ್ಲು, ಒಂದಿಷ್ಟು ಕುದುರೆ ಲದ್ದಿ. ದನದ ಸಗಣಿ ಸಿಗಲಿಲ್ಲ. ಕಾಲಲ್ಲಿ ಚೆನ್ನಾಗಿ ತುಳಿಯಬೇಕು. ಮೆತ್ತುವಾಗ ಗೋಡೆಯ ಒಳಗೊಬ್ಬರು, ಹೊರಗೊಬ್ಬರು ನಿಂತು ಒಟ್ಟಿಗೆ ಒತ್ತಬೇಕು. ಒಬ್ಬರೇ ಒತ್ತಿದರೆ ಆಚೆ ಬೀಳುತ್ತದೆ.

ಎರಡು ಗೋಡೆ ಮುಗಿದಿತ್ತು. ಜುಲೈ ತಿಂಗಳು. ಒಂದು ಸಂಜೆ ಗುಡುಗು ಮಳೆ ಬಂದು ಪಡುವಣ ಗೋಡೆ ಪೂರ್ತಿ ಅಂಗಳಕ್ಕೆ ಇಳಿಯಿತು. ವಿಡಿಯೋ ಕಾಲ್‌ನಲ್ಲಿ ಅಮ್ಮ ನೋಡಿ, “ಮಾಡು ಹಾಕದೆ ಯಾರಾದ್ರೂ ಮಣ್ಣು ಮೆತ್ತುತ್ತಾರಾ?” ಅಂದಳು. ಮಲೆನಾಡಲ್ಲಿ ಹುಟ್ಟಿದವನಿಗೆ ಇದು ಗೊತ್ತಿರಬೇಕಿತ್ತು.

ಸರಿ, ಇನ್ನು ಮಾಡು, ಅಂದರೆ ಛಾವಣಿ. ಹುಲ್ಲು ಹೊದಿಸುವ ಆಸೆಯಿತ್ತು, ಧೈರ್ಯ ಬರಲಿಲ್ಲ. ಜೇಮ್ಸ್‌ಟೌನ್ ಕೋಟೆ 1608ರ ಜನವರಿಯಲ್ಲೇ ಬೆಂಕಿಗೆ ಸಿಕ್ಕಿತ್ತು. ಉತ್ತರಕ್ಕೆ ಬಾಸ್ಟನ್‌ನಲ್ಲಿ 1631ರಲ್ಲಿ ಹುಲ್ಲಿನ ಮಾಡನ್ನೂ ಮರದ ಚಿಮಣಿಯನ್ನೂ ಬೇಡವೆಂದೇ ಆಜ್ಞೆ ಮಾಡಿದರು. ಇಲ್ಲಿಯ ಮೂಲ ಜನ ಪೌಹಟನ್‌ರ ಮನೆಗಳಿಗೆ ಮರದ ತೊಗಟೆ, ಚಾಪೆಗಳ ಹೊದಿಕೆ. ಅವರನ್ನು ನೋಡಿ ವಲಸಿಗರೂ ಮಾಡಿಗೆ ತೊಗಟೆ ಹೊದಿಸಲು ಕಲಿತರು. ನಾನು ಸೀಳು ಹಲಗೆಯನ್ನೇ ಹೊದಿಸಿ ಸೂರನ್ನು ಒಂದೂವರೆ ಅಡಿ ಹೊರಗೆ ಬಿಟ್ಟೆ. ಮಳೆ ಹೊಡೆಯುವ ಕಡೆ ಮಣ್ಣಿನ ಮೇಲೂ ಹಲಗೆ ಬಡಿದೆ.

ಸುಣ್ಣಕ್ಕೆ ಆ ವಲಸಿಗರು ಸುಟ್ಟದ್ದು ಆಯ್ಸ್ಟರ್ ಚಿಪ್ಪು. ನಮ್ಮ ಕರಾವಳಿಯ ಚಿಪ್ಪಿನ ಸುಣ್ಣದಂತೆಯೇ. ಹೋಟೆಲಿನಿಂದ ಹತ್ತು ಕಿಲೋ ಚಿಪ್ಪು ತಂದು ಸೌದೆಯ ನಡುವೆ ಪದರ ಪದರವಾಗಿ ಇಟ್ಟು ಸುಟ್ಟೆ. ಪೂರ್ತಿ ಬೆಂದರೆ ತೂಕ ಹೆಚ್ಚುಕಡಿಮೆ ಐದೂವರೆ ಕಿಲೋಗೆ ಇಳಿಯಬೇಕು. ನನ್ನದು ಎಂಟರಲ್ಲೇ ನಿಂತಿತು. ಎರಡನೇ ಸಲ ಗಾಳಿಗೆ ದಾರಿ ಬಿಟ್ಟು ಸುಟ್ಟಾಗ ಬೆಂದಿತು. ನೀರು ಹಾಕಿದರೆ ಕೊತಕೊತ ಕುದಿಯುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ.

ಕಿಟಕಿಗೆ ಗಾಜು ಹಾಕಲಿಲ್ಲ. ಉತ್ತರದಲ್ಲಿ ಇಂಗ್ಲಿಷರದೇ ಇನ್ನೊಂದು ವಲಸೆ ಊರಾದ ಪ್ಲಿಮತ್‌ನಿಂದ 1621ರಲ್ಲಿ ಎಡ್ವರ್ಡ್ ವಿನ್ಸ್ಲೋ ಎಂಬ ವಲಸಿಗ ಇಂಗ್ಲೆಂಡಿನ ಗೆಳೆಯನಿಗೆ ಬರೆದ ಪತ್ರದಲ್ಲಿ, ಬರುವಾಗ ಕಿಟಕಿಗೆ ಕಾಗದ, ಅಗಸೆ ಎಣ್ಣೆ ತನ್ನಿ ಅಂದಿದ್ದಾನೆ. ನಾನೂ ಹಾಗೇ ಕಾಗದಕ್ಕೆ ಎಣ್ಣೆ ಸವರಿ ಹಾಕಿದೆ. ಒಳಗೆ ಹಾಲಿನಂಥ ಬೆಳಕು. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬೆಂಕಿ ಹತ್ತಬಹುದು.

ನಾಲ್ಕನೇ ವರ್ಷ ಆ ಕೆಂಪು ಓಕ್ ಕಂಬ ನೆಲದ ಮಟ್ಟದಲ್ಲಿ ಲಡ್ಡಾಗಿ ಕೈಗೇ ಬಂತು. ಆ ಮೂಲೆ ಬಿಚ್ಚಿದೆ. ಆಗಿನವರ ಮನೆಗಳೂ ಬುಡದಲ್ಲೇ ಕೊಳೆಯುತ್ತಿದ್ದವು. ಮೊಳೆ ಎಷ್ಟು ದುಬಾರಿಯಾಗಿತ್ತೆಂದರೆ, ಮೊಳೆಗೋಸ್ಕರ ಹಳೇ ಮನೆ ಸುಡಬಾರದು ಅಂತ ವರ್ಜೀನಿಯಾದಲ್ಲಿ 1645ರಲ್ಲಿ ಕಾನೂನೇ ಆಯಿತು. ನನ್ನ ಹಿತ್ತಲಿಗೆ ಆ ಕಾನೂನಿಲ್ಲವಲ್ಲ. ಲಡ್ಡು ಹಲಗೆಗಳನ್ನು ಸುಟ್ಟು ಬೂದಿಯಲ್ಲಿ ಅಯಸ್ಕಾಂತ ಆಡಿಸಿದೆ. ನಲವತ್ತೊಂದು ಮೊಳೆ ಸಿಕ್ಕವು. ಹೊಸ ಕಂಬ ಲೋಕಸ್ಟ್‌ದೇ.