ಲಂಡನ್ನಿಂದ ಬಳ್ಳಾರಿಗೆ: ಒಂದು ಲಕೋಟೆಯ ದಾರಿ

ಹಳೇ ಲಕೋಟೆ ಸಿಕ್ಕರೆ ಎಲ್ಲರೂ ಮೊದಲು ಸ್ಟ್ಯಾಂಪ್ ನೋಡುತ್ತಾರೆ. ನಾನು ಹಿಂಬದಿ ತಿರುಗಿಸುತ್ತೇನೆ. ದಾರಿಯ ಸುಳಿವೆಲ್ಲ ಜಾಸ್ತಿ ಅಲ್ಲೇ ಇರುತ್ತದೆ.

ರಾಯಚೂರಿನ ನಮ್ಮ ಮನೆಯಲ್ಲಿರುವ ಈ ಲಕೋಟೆ ಲಂಡನ್ನಿಂದ ಬಳ್ಳಾರಿಗೆ ಬಂದದ್ದು. ಮೇಲೆ 5 ಪೆನ್ನಿಯ ಮಾಸಲು ಹಸಿರು ಸ್ಟ್ಯಾಂಪ್, ಮೂಲೆಯಲ್ಲಿ ‘ವಯಾ ಬ್ರಿಂಡಿಸಿ’ (ಇಟಲಿಯ ಬ್ರಿಂಡಿಸಿ ಬಂದರಿನ ಮೂಲಕ) ಅಂತ ಕೈಬರಹ. ಈ ಸ್ಟ್ಯಾಂಪ್ ಬಂದದ್ದು 1884ರಲ್ಲಿ. 1891ರ ಜನವರಿಗೆ ಇಂಡಿಯಾಕ್ಕೆ ಕಾಗದ ಕಳಿಸುವ ದರ ಎರಡೂವರೆ ಪೆನ್ನಿಗೆ ಇಳಿಯಿತು. ಕಾಗದ ಈ ನಡುವಿನದು. (ಈ ಹಸಿರು ಶಾಯಿ ನೀರು ತಾಕಿದರೆ ಬಿಟ್ಟುಕೊಳ್ಳುತ್ತದೆ. ಒರೆಸಲು ಹೋಗಬೇಡಿ.)

ಲಂಡನ್ ಸೀಲಿನಲ್ಲಿ ತಾರೀಖು 9, ತಿಂಗಳಿನ ಜಾಗದಲ್ಲಿ ಬರೀ ‘ಜೆ’. ಜೆಎ ಅಂದರೆ ಜನವರಿ, ಜೆಯು ಜೂನ್, ಜೆವೈ ಜುಲೈ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೂ ಎರಡನೇ ಅಕ್ಷರ ಮೂಡಲಿಲ್ಲ. ಹಿಂಬದಿಯ ಸೀಲು ಬಿಡಿಸಿಕೊಟ್ಟಿತು: ‘ಸೀ ಪೋಸ್ಟ್ ಆಫೀಸ್’, ಜೆಎ 26. ಅದರ ಪಕ್ಕ ಬಳ್ಳಾರಿಯ ಸೀಲು, ಜನವರಿ 28, 1885. ಅಂದಮೇಲೆ ಲಂಡನ್ ಬಿಟ್ಟದ್ದೂ ಜನವರಿಯಲ್ಲೇ. 1885ರ ಜನವರಿ 9 ಶುಕ್ರವಾರ. ಇಂಡಿಯಾ ಟಪಾಲು ಹೊರಡುತ್ತಿದ್ದದ್ದೂ ಶುಕ್ರವಾರವೇ!

ಈ ಸೀ ಪೋಸ್ಟ್ ಆಫೀಸ್ 1868ರಲ್ಲಿ ಶುರುವಾದ ಹಡಗಿನ ಅಂಚೆ ಕಚೇರಿ. ಬಾಂಬೆ ಮುಟ್ಟುವ ಮೊದಲೇ ಸಿಬ್ಬಂದಿ ಸಮುದ್ರದ ಮೇಲೆ ಕಾಗದಗಳನ್ನು ಊರುವಾರು ವಿಂಗಡಿಸುತ್ತಿದ್ದರು. ಬಂದರಿನಲ್ಲಿ ಚೀಲ ಇಳಿಸಿ ರೈಲಿಗೆ ಹಾಕಿದರಾಯಿತು.

ಬ್ರಿಂಡಿಸಿ, ಅಲೆಕ್ಸಾಂಡ್ರಿಯಾ, ಸೂಯೆಜ್ ಯಾವುದರ ಸೀಲೂ ಇಲ್ಲ. ಚೀಲ ಬಿಚ್ಚಿದ ಕಡೆ ಮಾತ್ರ ಸೀಲು ಬೀಳುವುದು. ಅದನ್ನು ಕಟ್ಟಿ ಸಾಗಿಸಿದ ದಾರಿಯನ್ನು ರೈಲು, ಹಡಗಿನ ಇತಿಹಾಸದಿಂದ ಹುಡುಕಬೇಕು. ‘ವಯಾ ಬ್ರಿಂಡಿಸಿ’ ಅಂದರೆ ಫ್ರಾನ್ಸ್ ದಾಟಿ, ಆಲ್ಪ್ಸ್ ಪರ್ವತದ ಮಾಂಟ್ ಸೆನಿಸ್ ಸುರಂಗದ ಮೂಲಕ ಇಟಲಿಯ ತುದಿಗೆ ರೈಲು. ಅಲ್ಲಿಂದ ಅಲೆಕ್ಸಾಂಡ್ರಿಯಾಕ್ಕೆ ಹಡಗು. ಸೂಯೆಜ್ ಕಾಲುವೆ 1869ರಲ್ಲೇ ತೆರೆದಿತ್ತು, ಹಾಗಾದರೆ ಕಾಲುವೆಯಲ್ಲೇ ಬಂದಿರಬೇಕು ಅಲ್ವಾ? ಇಲ್ಲ. ಆಗಿನ್ನೂ ಈ ಟಪಾಲನ್ನು ಈಜಿಪ್ಟಿನ ರೈಲಿನಲ್ಲೇ ಸೂಯೆಜ್‌ಗೆ ಒಯ್ಯುತ್ತಿದ್ದರು. ಮುಂದೆ ಏಡನ್, ಬಾಂಬೆ.

ಬಾಂಬೆ ಕಡೆಯ ಹಳಿಯೂ ಮದ್ರಾಸಿನ ಹಳಿಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಬಳ್ಳಾರಿಯ ಚೀಲ ಇಲ್ಲಿ ಹಾದು ಗುಂತಕಲ್ ಮೇಲೆ ಹೋಗಿದೆ. ಆದರೆ ರಾಯಚೂರಿನ ಸೀಲು ಲಕೋಟೆಯ ಮೇಲೆ ಇಲ್ಲ. ಇಲ್ಲಿ ಚೀಲ ಯಾರು ಬಿಚ್ಚುತ್ತಾರೆ? ಆ ಸೀಲು ಬೇಕಿದ್ದರೆ ಈ ಊರಿಗೇ ಬಂದ ಕಾಗದ ಸಿಗಬೇಕು. ಈಗ ಅದರ ಹುಡುಕಾಟದಲ್ಲಿದ್ದೇನೆ.