ಅಂಬಾಸಿಡರ್ ಎಂಜಿನ್: ಕ್ರ್ಯಾಂಕ್ ಕೂರಿಸುವ ಮೊದಲು ಅಳೆಯಿರಿ

ಹಳೆಯ ಪೆಟ್ರೋಲ್ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಬಿಚ್ಚುವುದು ಕಷ್ಟವಲ್ಲ. ಜೋಡಿಸುವಾಗ ಜನ ಎಡವುವುದನ್ನು ಮಾತ್ರ ನಾನು ಬಹಳ ಸಲ ನೋಡಿದ್ದೇನೆ. ಹೊಸ ಬೇರಿಂಗ್ ಹಾಕಿ 500 ಕಿಲೋಮೀಟರ್ ಓಡಿಸುವಷ್ಟರಲ್ಲಿ ಮತ್ತೆ ಕೆಳಗಿನಿಂದ ಕಟಕಟ ಸದ್ದು. ಕಾರಣ ಹೆಚ್ಚಾಗಿ ಎರಡೇ: ಒಳಗೆ ಉಳಿದ ಕೊಳೆ, ಕ್ರ್ಯಾಂಕ್ (ಪಿಸ್ಟನ್‌ಗಳ ಏರಿಳಿತದಿಂದ ತಿರುಗುವ ದಂಡ) ಮತ್ತು ಬೇರಿಂಗ್ ನಡುವೆ ಅಳೆಯದೆ ಬಿಟ್ಟ ಸಂದು.

ಎಂಜಿನ್ ಇಳಿಸಿ, ಹೆಡ್, ಟೈಮಿಂಗ್ ಚೈನ್, ಸಂಪ್ (ತಳದ ಆಯಿಲ್ ತಟ್ಟೆ) ಬಿಚ್ಚುವುದು ಒಂದು ಭಾನುವಾರದ ಕೆಲಸ. ಚೈನ್ ಬ್ಲಾಕನ್ನು ಗಟ್ಟಿ ತೊಲೆಗೆ ಕಟ್ಟಿ, ತಗಡಿನ ಷೆಡ್‌ನ ಪೈಪಿಗೆ ಬೇಡ.

ಕ್ಯಾಪ್ ಬಿಚ್ಚುವ ಮೊದಲು ಗುರುತು ಹಾಕಿ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೂರು ಮೇನ್ ಕ್ಯಾಪ್, ಪಿಸ್ಟನ್‌ಗಳನ್ನು ಕ್ರ್ಯಾಂಕಿಗೆ ಜೋಡಿಸುವ ನಾಲ್ಕು ಕನೆಕ್ಟಿಂಗ್ ರಾಡ್. ಪಂಚ್‌ನಿಂದ ಚುಕ್ಕಿ ಹೊಡೆಯಿರಿ, ಪೇಂಟ್ ಗುರುತು ಸೀಮೆಎಣ್ಣೆಯಲ್ಲಿ ಹೋಗುತ್ತದೆ. ಯಾವ ಕ್ಯಾಪ್ ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ರಾಡ್‌ನ ದೊಡ್ಡ ತುದಿ (ಬಿಗ್ ಎಂಡ್) ಓರೆಯಾಗಿ ಸೀಳಿರುವುದರಿಂದ ಯಾವುದು ಯಾವ ಕಡೆಗೆ ಮುಖ ಮಾಡಿತ್ತು ಎಂದು ಫೋಟೊ ತೆಗೆದಿಡಿ.

ಕ್ರ್ಯಾಂಕ್‌ನ ಜರ್ನಲ್‌ಗಳನ್ನು, ಅಂದರೆ ಬೇರಿಂಗಿನೊಳಗೆ ತಿರುಗುವ ದುಂಡು ಭಾಗಗಳನ್ನು, ಮೈಕ್ರೋಮೀಟರ್‌ನಲ್ಲಿ ಎರಡು ದಿಕ್ಕಿನಿಂದ ಅಳೆಯಿರಿ. ಎರಡು ಅಳತೆ ಬೇರೆ ಬಂದರೆ ಅದು ದುಂಡಗೆ ಉಳಿದಿಲ್ಲ, ಗ್ರೈಂಡಿಂಗ್ ಆಗಬೇಕು. ಆದರೆ ಷೆಲ್ (ಎರಡು ಹೋಳಾಗಿ ಬರುವ ಬೇರಿಂಗ್) ಕೈಗೆ ಸಿಗುವ ತನಕ ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಕೊಡಬೇಡಿ. 20 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು) ಎಂದು ಗ್ರೈಂಡ್ ಮಾಡಿಸಿದ ಮೇಲೆ ಅಂಗಡಿಯಲ್ಲಿ 30ರ ಷೆಲ್ ಮಾತ್ರ ಇದೆ ಎಂದರೆ ಏನು ಮಾಡುತ್ತೀರಿ? ಬೆಂಗಳೂರಿನವರು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆ ಪೂರ್ತಿ ವಿಚಾರಿಸಿ ನೋಡಿ. ಹೆಸರಿಲ್ಲದ ಡಬ್ಬಿಯ ಅಗ್ಗದ ಷೆಲ್ ಬೇಡವೇ ಬೇಡ.

ಈಗ ನಿಜವಾದ ಕೆಲಸ. ಗ್ರೈಂಡಿಂಗ್ ಪುಡಿ ಕ್ರ್ಯಾಂಕ್‌ನ ಆಯಿಲ್ ತೂತುಗಳಲ್ಲಿ ಕೂತಿರುತ್ತದೆ. ಲೇತ್‌ನವರು ತೊಳೆದು ಕೊಟ್ಟಿದ್ದಾರೆ ಎಂದು ಸುಮ್ನೆ ನಂಬಬೇಡಿ. ಮೇನ್ ಜರ್ನಲ್‌ನಿಂದ ಬಿಗ್ ಎಂಡ್‌ಗೆ ಓರೆಯಾಗಿ ಹೋಗುವ ಪ್ರತಿ ತೂತಿಗೂ ತೆಳು ಬ್ರಷ್ ತೂರಿಸಿ, ಸೀಮೆಎಣ್ಣೆ ಹಾಕಿ, ಗಾಳಿ ಊದಿ. ಬಿಳಿ ಬಟ್ಟೆಯಲ್ಲಿ ಕಪ್ಪು ಬರದಿರುವ ತನಕ ಇದೇ ಕೆಲಸ. ಬ್ಲಾಕ್‌ನ ಆಯಿಲ್ ಗ್ಯಾಲರಿಯ (ಆಯಿಲ್ ಹರಿಯುವ ದಾರಿಯ) ಪ್ಲಗ್‌ಗಳನ್ನೂ ಬಿಚ್ಚಿ ಹಾಗೇ ಮಾಡಿ. ನನಗೆ ಅರ್ಧ ದಿನ ಹಿಡಿಯುತ್ತದೆ, ಅದು ಜಾಸ್ತಿ ಅನ್ನಿಸಿಲ್ಲ.

ಆಮೇಲೆ ಸಂದು. ಷೆಲ್‌ನ ಹಿಂಬದಿ, ಅದು ಕೂರುವ ಜಾಗ ಎರಡೂ ಒಣಗಿರಲಿ, ಎಣ್ಣೆ ಬೇಡ. ಜರ್ನಲನ್ನೂ ಈ ಅಳತೆಗೆ ಒರೆಸಿಡಿ. ಪ್ಲಾಸ್ಟಿಗೇಜ್ ಎಂಬ ಮೇಣದಂಥ ದಾರದ ತುಂಡನ್ನು ಜರ್ನಲ್ ಮೇಲೆ ಉದ್ದಕ್ಕೆ ಇಟ್ಟು ಕ್ಯಾಪ್ ಬಿಗಿಯಿರಿ. ಮೇನ್‌ಗೆ 70 ಪೌಂಡ್-ಅಡಿ, ಬಿಗ್ ಎಂಡ್‌ಗೆ 35, ಟಾರ್ಕ್ ರೆಂಚ್‌ನಲ್ಲೇ. ಕ್ರ್ಯಾಂಕ್ ಒಂದಿಷ್ಟೂ ತಿರುಗಬಾರದು. ಬಿಚ್ಚಿ, ಚಪ್ಪಟೆಯಾದ ದಾರದ ಅಗಲವನ್ನು ಪೊಟ್ಟಣದ ಮೇಲಿನ ಪಟ್ಟಿಯ ಜೊತೆ ಹೋಲಿಸಿ. ಅಗಲ ಜಾಸ್ತಿ ಇದ್ದರೆ ಸಂದು ಕಡಿಮೆ. ಒಂದರಿಂದ ಎರಡೂವರೆ ಥೌ ಒಳಗಿದ್ದರೆ ಸಮಾಧಾನ.

ಸಂದು ಜಾಸ್ತಿ ಬಂದರೆ ಕೆಲವರು ಕ್ಯಾಪ್‌ಗೆ ಅರ ಹಾಕಿ ಉಜ್ಜುತ್ತಾರೆ, ಷೆಲ್ ಹಿಂದೆ ಸಿಗರೇಟ್ ಪ್ಯಾಕಿನ ತಗಡು ಇಡುತ್ತಾರೆ. ದಯವಿಟ್ಟು ಬೇಡ. ಉಜ್ಜಿದ ಕ್ಯಾಪ್‌ನ ತೂತು ದುಂಡಗೆ ಉಳಿಯುವುದಿಲ್ಲ. ತಪ್ಪು ಅಳತೆಯ ಷೆಲ್ ವಾಪಸ್ ಕೊಡಿ.

ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ, ನಡು ಮೇನ್‌ನ ಥ್ರಸ್ಟ್ ವಾಷರ್‌ಗಳ ಗೀರಿರುವ ಮುಖ ಕ್ರ್ಯಾಂಕ್ ಕಡೆಗಿರಲಿ. ಕ್ರ್ಯಾಂಕ್ ಹಿಂದೆ ಮುಂದೆ ಜಗ್ಗಿದರೆ 2ರಿಂದ 3 ಥೌ ಆಡಬೇಕು. ಜೋಡಿಸುವಾಗ ಧಾರಾಳ ಆಯಿಲ್, ಹೊಸ ಲಾಕ್ ವಾಷರ್. ಪ್ರತಿ ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ತಿರುಗಿಸಿ ನೋಡಿ, ಎಲ್ಲಿ ಬಿಗಿಯಾಯಿತೋ ಅಲ್ಲೇ ನಿಲ್ಲಿಸಿ.

ಸಂಪ್‌ಗೆ ಕಾರ್ಕ್ ಗ್ಯಾಸ್ಕೆಟ್ ಸಾಕು. ಸಿಲಿಕೋನ್ ಮೆತ್ತಿದರೆ ಒಳಗೆ ಉಬ್ಬಿದ ಭಾಗ ಕಿತ್ತು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ಎಂಜಿನ್ ಏರಿಸಿದ ಮೇಲೆ ಆಯಿಲ್ ತುಂಬಿ, ಸ್ಪಾರ್ಕ್ ಪ್ಲಗ್ ತೆಗೆದು ಸ್ಟಾರ್ಟರ್ ತಿರುಗಿಸಿ. ಆಯಿಲ್ ಪ್ರೆಷರ್ ಬಂದ ಮೇಲಷ್ಟೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. 500 ಕಿಲೋಮೀಟರ್‌ಗೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಇಳಿಸಿದ ಆಯಿಲನ್ನು ಬಿಳಿ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದು ನೋಡಿ, ಬೇರಿಂಗಿನ ಹೊಳಪು ಚೂರು ಏನಾದರೂ ಕಾಣುತ್ತದೆಯೇ ಎಂದು.