ಹೀಮ್‌ನಿಂದ ಹತ್ತು ಆಂಗ್‌ಸ್ಟ್ರಾಮ್ ದೂರದಲ್ಲಿ

ಮೈಸೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಫಾರ್ಮ್.ಡಿ. ವಿದ್ಯಾರ್ಥಿಗಳು ಬೆಳಿಗ್ಗೆ ಆಸ್ಪತ್ರೆಯ ವಾರ್ಡುಗಳಲ್ಲಿರುತ್ತಾರೆ, ಮಧ್ಯಾಹ್ನ ತರಗತಿಗೆ ಬರುತ್ತಾರೆ. ಅವರು ಹೊತ್ತು ತರುವ ಪ್ರಶ್ನೆಗಳಲ್ಲಿ ವಾರ್ಫರಿನ್‌ನದೇ ದೊಡ್ಡ ಪಾಲು. ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ದಿನವೂ ನುಂಗುವ ಮಾತ್ರೆ ಅದು. ಜೊತೆಗೆ ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಸೇರಿದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರುತ್ತದೆ, ಕ್ಷಯಕ್ಕೆಂದು ರಿಫಾಂಪಿಸಿನ್ ಶುರುವಾದರೆ ಇಳಿಯುತ್ತದೆ. ಈ ಪಟ್ಟಿ ಎಲ್ಲರಿಗೂ ಬಾಯಿಪಾಠ. ಏಕೆ ಎಂದು ಕೇಳಿದರೆ ‘ಸಿವೈಪಿ2ಸಿ9’ ಎಂಬ ಹೆಸರು ಬರುತ್ತದೆ, ಅಲ್ಲಿಗೆ ಉತ್ತರ ನಿಲ್ಲುತ್ತದೆ. ಹೆಸರು ಹೇಳಿದ ಮಾತ್ರಕ್ಕೆ ಕಾರಣ ಹೇಳಿದಂತಾಗುವುದಿಲ್ಲ ಎಂಬುದು ನನ್ನ ಹಳೆಯ ತಕರಾರು. ಹಾಗಾಗಿ ಆ ಕಿಣ್ವವನ್ನೇ ಪರದೆಯ ಮೇಲೆ ಬಿಚ್ಚಿ ತೋರಿಸಲು ಹೊರಟೆ.

ಬೇಕಾದ ಸಾಮಗ್ರಿ ಬಹಳವೇನಿಲ್ಲ. ಕಾಲೇಜಿನ ಸಾಧಾರಣ ಕಂಪ್ಯೂಟರ್, ಅಣುಗಳನ್ನು ತಿರುಗಿಸಿ ನೋಡಲು ಪೈಮಾಲ್, ಔಷಧದ ಅಣುವನ್ನು ಕಿಣ್ವದೊಳಗೆ ಕೂರಿಸಿ ನೋಡಲು ಆಟೋಡಾಕ್ ವಿನಾ. ಕಿಣ್ವದ ರಚನೆಯ ಕಡತಗಳು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಯಾರಿಗೂ ಉಚಿತ.

ಸಿವೈಪಿ2ಸಿ9 ನಮ್ಮ ಯಕೃತ್ತಿನ ಜೀವಕೋಶಗಳಲ್ಲಿರುವ, 490 ಅಮೈನೊ ಆಮ್ಲಗಳ ಒಂದು ಸರಪಳಿ. ಅದರ ಆರಂಭದ ತುದಿ ಪೊರೆಯೊಳಗೆ ನಾಟಿಕೊಂಡಿರುತ್ತದೆ. ಎಕ್ಸ್-ಕಿರಣದಿಂದ ರಚನೆ ತಿಳಿಯಲು ಪ್ರೋಟೀನನ್ನು ಹರಳು ಕಟ್ಟಿಸಬೇಕು, ಅದಕ್ಕೆ ಈ ತುದಿ ಅಡ್ಡಿಯಾಗುವುದರಿಂದ ಸಂಶೋಧಕರು ಆ ತುದಿಯನ್ನು ಕತ್ತರಿಸಿಯೇ ಕೆಲಸ ಮಾಡುತ್ತಾರೆ. ಒಳಗೆ, ಮಧ್ಯಭಾಗದಲ್ಲಿ, ನಡುವೆ ಕಬ್ಬಿಣ ಹೊತ್ತ ಚಪ್ಪಟೆ ಉಂಗುರದಂಥ ಅಣು, ಹೀಮ್, ಇದೆ. ಅದರ ನಡುವಿನ ಕಬ್ಬಿಣವನ್ನು ಒಂದು ಬದಿಯಿಂದ 435ನೆಯ ಸಿಸ್ಟೀನ್‌ನ ಗಂಧಕ ಹಿಡಿದುಕೊಂಡಿದೆ. ಇನ್ನೊಂದು ಬದಿ ಖಾಲಿ. ಆಮ್ಲಜನಕ ಬಂದು ಕೂರುವುದು ಅಲ್ಲಿ, ಔಷಧ ಬಂದು ನಿಲ್ಲಬೇಕಾದದ್ದು ಅದರ ಎದುರಿಗೆ. ಆಮ್ಲಜನಕದ ಎರಡು ಪರಮಾಣುಗಳಲ್ಲಿ ಒಂದು ಔಷಧಕ್ಕೆ ಅಂಟುತ್ತದೆ, ಇನ್ನೊಂದು ನೀರಾಗುತ್ತದೆ. ಹೀಗೆ ಬದಲಾದ ಔಷಧವನ್ನು ಹೊರಹಾಕುವುದು ದೇಹಕ್ಕೆ ಸುಲಭ.

ಈ ಕೆಲಸಕ್ಕೆ ದೂರ ಮುಖ್ಯ. ಆಮ್ಲಜನಕ ಅಂಟಬೇಕಾದ ಇಂಗಾಲ ಕಬ್ಬಿಣದಿಂದ ಸುಮಾರು 5 ಆಂಗ್‌ಸ್ಟ್ರಾಮ್ ಆಸುಪಾಸಿನಲ್ಲಿರಬೇಕು. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಆಂಗ್‌ಸ್ಟ್ರಾಮ್. ಅಷ್ಟು ಸಣ್ಣ ಅಳತೆಯಲ್ಲಿ ಐದಕ್ಕೂ ಹತ್ತಕ್ಕೂ ಏನು ಮಹಾ ವ್ಯತ್ಯಾಸ ಎಂದು ವಿದ್ಯಾರ್ಥಿಗಳು ನಗುತ್ತಾರೆ. ಇಡೀ ಕಥೆ ನಿಂತಿರುವುದೇ ಆ ವ್ಯತ್ಯಾಸದ ಮೇಲೆ.

ಮಾನವ ಸಿವೈಪಿ2ಸಿ9ನ ಮೊದಲ ರಚನೆ ಪ್ರಕಟವಾದದ್ದು 2003ರಲ್ಲಿ. ಅದರಲ್ಲಿ 1ಒಜಿ5 ಎಂಬ ಕಡತಕ್ಕೆ ಒಂದು ವಿಶೇಷ ಆಕರ್ಷಣೆಯಿದೆ: ವಾರ್ಫರಿನ್ ಒಳಗೇ ಕೂತಿದೆ. ವಾರ್ಫರಿನ್ ಬಗ್ಗೆ ಕೆಲಸ ಮಾಡುವವರಿಗೆ ಇನ್ನೇನು ಬೇಕು? ಪ್ರಾಜೆಕ್ಟ್ ವರದಿಗಳಲ್ಲಿ ಕಣ್ಣು ಮುಚ್ಚಿ ಇದನ್ನೇ ಆರಿಸಿಕೊಂಡದ್ದನ್ನು ನೋಡಿದ್ದೇನೆ. ಪೈಮಾಲ್‌ನಲ್ಲಿ ತೆರೆದು ಅಳತೆಯ ಗೆರೆ ಎಳೆದಾಗ ವಿಷಯ ಬೇರೆಯೇ ಕಾಣುತ್ತದೆ. ವಾರ್ಫರಿನ್ ಇರುವುದು ಕಬ್ಬಿಣದಿಂದ ಸುಮಾರು 10 ಆಂಗ್‌ಸ್ಟ್ರಾಮ್ ದೂರದ ಒಂದು ಪಕ್ಕದ ಕುಳಿಯಲ್ಲಿ. ಅಲ್ಲಿಂದ ಕ್ರಿಯೆ ನಡೆಯುವ ಮಾತೇ ಇಲ್ಲ. ಆ ರಚನೆಯನ್ನು ಬಿಡಿಸಿದವರೂ ಇದನ್ನು ಮುಚ್ಚಿಟ್ಟಿಲ್ಲ. ಇದೊಂದು ಹೊಸ ಕುಳಿ, ಒಂದೇ ಸಮಯಕ್ಕೆ ಒಂದಕ್ಕಿಂತ ಹೆಚ್ಚು ಅಣುಗಳು ಒಳಗಿರಬಹುದು ಎಂದೇ ಅವರು ಬರೆದರು. ಅಲ್ಲದೆ ಹರಳು ಚೆನ್ನಾಗಿ ಕಟ್ಟಲೆಂದು ಆ ಪ್ರೋಟೀನ್‌ನ ಏಳು ಅಮೈನೊ ಆಮ್ಲಗಳನ್ನು ಬದಲಿಸಲಾಗಿತ್ತು.

ಮರುವರ್ಷ ಬಂದ 1ಆರ್9ಒ ಕಡತದಲ್ಲಿ ಅಂಥ ಬದಲಾವಣೆಗಳಿಲ್ಲ, ಸ್ಪಷ್ಟತೆಯೂ ಹೆಚ್ಚು, 2.0 ಆಂಗ್‌ಸ್ಟ್ರಾಮ್. ಒಳಗಿರುವುದು ವಾರ್ಫರಿನ್ ಅಲ್ಲ, ನೋವು ನಿವಾರಕ ಫ್ಲುರ್ಬಿಪ್ರೊಫೆನ್. ಆದರೆ ಅದು ಕೂರಬೇಕಾದ ಜಾಗದಲ್ಲಿ ಕೂತಿದೆ: ಒಂದು ತುದಿಯ ಆಮ್ಲದ ಗುಂಪನ್ನು 108ನೆಯ ಆರ್ಜಿನೀನ್ ಹಿಡಿದಿದೆ, ಇನ್ನೊಂದು ತುದಿ ಹೀಮ್ ಕಡೆಗೆ ಚಾಚಿದೆ. 1ಒಜಿ5ರಲ್ಲಿ ಇದೇ ಆರ್ಜಿನೀನ್ ಕುಳಿಗೆ ಬೆನ್ನು ಹಾಕಿದೆ. ಎರಡೂ ಕಡತಗಳನ್ನು ಒಂದರ ಮೇಲೊಂದು ಇಟ್ಟು ಈ ಒಂದು ಆರ್ಜಿನೀನನ್ನು ಮಾತ್ರ ಕೆಂಪಾಗಿಸಿ ತೋರಿಸಿದೆ. ಪರದೆಯ ಮೇಲೆ ಅದು ತಿರುಗಿಕೊಂಡಿರುವ ರೀತಿಯನ್ನು ಕಂಡ ಮೇಲೆ ಹುಡುಗರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ನೋವು ನಿವಾರಕಗಳಂಥ ಋಣ ವಿದ್ಯುದಂಶದ ಅಣುಗಳನ್ನು ಈ ಕಿಣ್ವ ಏಕೆ ಅಷ್ಟು ಇಷ್ಟಪಡುತ್ತದೆ ಎಂಬುದಕ್ಕೂ ಉತ್ತರ ಅಲ್ಲೇ ಇದೆ.

ಹಾಗಾಗಿ ವಾರ್ಫರಿನ್ ಕೂರಿಸಲು ವಾರ್ಫರಿನ್ ಇಲ್ಲದ ಕಡತವನ್ನೇ ಆರಿಸಿಕೊಂಡೆ.

ಮುಂದಿನ ಕೆಲಸದಲ್ಲಿ ಎಚ್ಚರ ಬೇಕಾದ ಜಾಗಗಳಿವೆ. ಡಾಕಿಂಗ್‌ಗೆ, ಅಂದರೆ ಅಣುವನ್ನು ಹೀಗೆ ಕೂರಿಸಿ ನೋಡುವುದಕ್ಕೆ, ಮೊದಲು ಕಡತದಿಂದ ನೀರು, ಹಳೆಯ ಔಷಧ ಎಲ್ಲವನ್ನೂ ತೆಗೆಯುವುದು ರೂಢಿ. ಕಡತದಲ್ಲಿ ಹೀಮ್ ಕೂಡ ಅಮೈನೊ ಆಮ್ಲಗಳ ಸಾಲಿನಲ್ಲಿಲ್ಲ, ‘ಇತರೆ’ ಪರಮಾಣುಗಳ ಸಾಲಿನಲ್ಲಿದೆ. ಒಂದೇ ಆಜ್ಞೆಯಲ್ಲಿ ಎಲ್ಲ ‘ಇತರೆ’ಗಳನ್ನು ಅಳಿಸಿದರೆ ಹೀಮ್ ಕೂಡ ಹೋಗುತ್ತದೆ. ಆಮೇಲೆ ಔಷಧ ಹೋಗಿ ಹೀಮ್‌ನ ಜಾಗದಲ್ಲೇ ನೆಮ್ಮದಿಯಾಗಿ ಮಲಗುತ್ತದೆ, ಹಿಡಿತ ಎಷ್ಟು ಬಿಗಿ ಎಂದು ವಿನಾ ಅಂದಾಜಿಸಿ ಕೊಡುವ ಅಂಕವೂ ಭರ್ಜರಿಯಾಗಿ ಬರುತ್ತದೆ! ವಿನಾಕ್ಕೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಪ್ರೋಟೀನ್‌ನಲ್ಲಿ ಎಫ್ ಮತ್ತು ಜಿ ಎಂದು ಕರೆಯುವ ಸುರುಳಿ ಭಾಗಗಳ ನಡುವೆ ಸರಪಳಿ ತುಂಡಾಗಿರುವುದನ್ನೂ ಗಮನಿಸಬೇಕು. ಅಲ್ಲಿನ ಕೆಲವು ಅಮೈನೊ ಆಮ್ಲಗಳು ಎಕ್ಸ್-ಕಿರಣಕ್ಕೆ ಸಿಗಲಿಲ್ಲ, ಅಷ್ಟೆ. ದೇಹದಲ್ಲಿ ಅವು ಇದ್ದೇ ಇವೆ.

ವಾರ್ಫರಿನ್ ಕಡೆಯಿಂದಲೂ ಒಂದು ತೊಡಕಿದೆ. ಮಾತ್ರೆಯಲ್ಲಿ ಎಸ್ ಮತ್ತು ಆರ್ ಎಂಬ ಎರಡು ಕನ್ನಡಿ ರೂಪಗಳು ಸಮಪಾಲಿನಲ್ಲಿರುತ್ತವೆ. ಹೆಚ್ಚು ಪ್ರಬಲವಾದದ್ದು ಎಸ್. ಸಿವೈಪಿ2ಸಿ9 ಮುಖ್ಯವಾಗಿ ನಿಭಾಯಿಸುವುದೂ ಅದನ್ನೇ, ಅದರ 7ನೆಯ ಇಂಗಾಲಕ್ಕೆ ಆಮ್ಲಜನಕ ಅಂಟಿಸಿ. ಕಡತಕೋಶಗಳಿಂದ ಇಳಿಸಿಕೊಂಡ ಅಣು ಎಸ್ ರೂಪವೇ ಎಂದು ಕಣ್ಣಾರೆ ನೋಡಿಯೇ ಮುಂದುವರಿದೆ. ಕಾಗದದ ಮೇಲೆ ಉಂಗುರ ಬರೆದು ಎಣಿಸಿ 7ನೆಯ ಇಂಗಾಲ ಯಾವುದೆಂದು ಗುರುತು ಹಾಕಿಕೊಂಡೆ. ಕಡತದಲ್ಲಿರುವ ಸಂಖ್ಯೆಗಳನ್ನು ನಂಬುವಂತಿಲ್ಲ.

ಮೊದಲು ಫ್ಲುರ್ಬಿಪ್ರೊಫೆನ್‌ನನ್ನು ಹೊರತೆಗೆದು ಮತ್ತೆ ಕೂರಿಸಿದೆ. ಹರಳಿನಲ್ಲಿದ್ದ ಭಂಗಿಯಿಂದ 2 ಆಂಗ್‌ಸ್ಟ್ರಾಮ್‌ನೊಳಗೆ ಬಂದರೆ ವಿಧಾನ ಸರಿಯಿದೆ ಎನ್ನುವುದು ವಾಡಿಕೆ, ಅಷ್ಟರೊಳಗೇ ಬಂತು. ಆಮೇಲೆ ವಾರ್ಫರಿನ್. ವಿನಾ ಕೊಡುವ ಭಂಗಿಗಳ ಪಟ್ಟಿಯಲ್ಲಿ ಮೊದಲ ಸ್ಥಾನದ್ದು ಬೇರೆ ಉಂಗುರವನ್ನು ಹೀಮ್‌ಗೆ ತೋರಿಸುತ್ತಿತ್ತು. 7ನೆಯ ಇಂಗಾಲ ಕಬ್ಬಿಣಕ್ಕೆ ಹತ್ತಿರ ಬಂದದ್ದು ಪಟ್ಟಿಯಲ್ಲಿ ಕೆಳಗಿದ್ದ ಒಂದು ಭಂಗಿಯಲ್ಲಿ. ಎರಡರ ಅಂಕಗಳ ನಡುವಿನ ಅಂತರ ಒಂದು ಕಿಲೊಕ್ಯಾಲರಿಯೂ ಇಲ್ಲ, ವಿನಾದ ಸಹಜ ದೋಷವೇ ಎರಡು ಕಿಲೊಕ್ಯಾಲರಿಗಿಂತ ಹೆಚ್ಚು. ಅಂಥಲ್ಲಿ ಮೊದಲ ಸ್ಥಾನಕ್ಕೆ ಹಾರ ಹಾಕುವುದರಲ್ಲಿ ಅರ್ಥವಿಲ್ಲ. ರಸಾಯನಶಾಸ್ತ್ರಕ್ಕೆ ಹೊಂದುವ ಭಂಗಿಯನ್ನೇ ತರಗತಿಗೆ ಒಯ್ದೆ, ಅದು ಹೇಗೆ ಆಯ್ಕೆಯಾಯಿತು ಎಂಬುದನ್ನೂ ಹೇಳಿದೆ.

ಪಾಠ ಮುಗಿಯುವ ಹೊತ್ತಿಗೆ ಮಂಡ್ಯ ಕಡೆಯ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ನಮ್ಮ ದೊಡ್ಡಪ್ಪ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಸೊಪ್ಪು ತಿಂದರೆ ಐಎನ್‌ಆರ್ ಇಳಿಯುತ್ತದೆ ಎಂದು ಬಸ್ಸಾರನ್ನೇ ಬಿಟ್ಟಿದ್ದಾರೆ. ಅದೂ ಈ ಕುಳಿಯಲ್ಲೇ ಆಗುವುದಾ?” ಇಲ್ಲ. ಸೊಪ್ಪಿನ ವಿಟಮಿನ್ ಕೆ ಕೆಲಸ ಮಾಡುವುದು ವಾರ್ಫರಿನ್ ತಡೆಯುವ ಇನ್ನೊಂದು ಕಿಣ್ವದ ಬಳಿ, ವಿಕೆಓಆರ್‌ಸಿ1ರಲ್ಲಿ. ಸೊಪ್ಪನ್ನು ಬಿಡುವುದಕ್ಕಿಂತ ವಾರ ವಾರಕ್ಕೂ ಒಂದೇ ಪ್ರಮಾಣದಲ್ಲಿ ತಿನ್ನುವುದು ಮುಖ್ಯ, ಬದಲಿಸುವುದಿದ್ದರೆ ವೈದ್ಯರಿಗೆ ತಿಳಿಸಿ ಬದಲಿಸಬೇಕು ಎಂದೆ. ಮಂಡ್ಯದವರಿಗೆ ಬಸ್ಸಾರು ಬಿಡಿಸುವುದು ಯಾವ ಔಷಧಕ್ಕೂ ಶೋಭೆಯಲ್ಲ.

ಅವಳ ಪ್ರಶ್ನೆಯಿಂದ ಮಾತು ಒಬ್ಬೊಬ್ಬರಿಗೆ ಒಂದೊಂದು ಪ್ರಮಾಣ ಏಕೆ ಎಂಬಲ್ಲಿಗೆ ಹೋಯಿತು. ಕೆಲವರಲ್ಲಿ ಸಿವೈಪಿ2ಸಿ9ನ 359ನೆಯ ಐಸೊಲ್ಯೂಸಿನ್ ಬದಲು ಲ್ಯೂಸಿನ್ ಇರುತ್ತದೆ. ಎರಡರಲ್ಲೂ ಇರುವ ಪರಮಾಣುಗಳು ಅವವೇ, ಜೋಡಣೆ ಮಾತ್ರ ಸ್ವಲ್ಪ ಬೇರೆ. ಅಷ್ಟಕ್ಕೇ ವಾರ್ಫರಿನ್ ವಿಲೇವಾರಿ ಗಣನೀಯವಾಗಿ ನಿಧಾನವಾಗುತ್ತದೆ, ಕಡಿಮೆ ಪ್ರಮಾಣ ಸಾಕಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಈ ವಂಶವಾಹಿ ಮಾಹಿತಿಯನ್ನು ವಾರ್ಫರಿನ್ ಲೇಬಲ್‌ಗೆ ಸೇರಿಸಿತು. ಲ್ಯೂಸಿನ್ ಹಾಕಿ ಡಾಕಿಂಗ್ ಮಾಡಿದರೆ ಅಂಕ ಅಲುಗಾಡಲೇ ಇಲ್ಲ. ಪ್ರೋಟೀನನ್ನು ಕಲ್ಲಿನಂತೆ ಬಿಗಿ ಹಿಡಿದು ಲೆಕ್ಕ ಹಾಕುವ ವಿಧಾನಕ್ಕೆ ಇಂಥದ್ದು ದಕ್ಕುವುದಿಲ್ಲ, ಅಣುಗಳ ಚಲನೆಯನ್ನು ಲೆಕ್ಕ ಹಾಕುವ ದೊಡ್ಡ ಯಂತ್ರ ಬೇಕು. ಫ್ಲುಕೊನಜೋಲ್ ವಿಷಯದಲ್ಲೂ ಇದೇ ಪಾಡು: ಏಜೋಲ್ ಗುಂಪಿನ ಔಷಧಗಳು ಸಾಮಾನ್ಯವಾಗಿ ತಮ್ಮ ಸಾರಜನಕದಿಂದ ಕಬ್ಬಿಣವನ್ನೇ ಹಿಡಿಯುತ್ತವೆ, ಆ ಬಂಧವನ್ನು ವಿನಾ ಸರಿಯಾಗಿ ಎಣಿಸುವುದಿಲ್ಲ.

ಈಗ ನನ್ನ ಬಳಿ ಬರುವ ಪ್ರತಿ ಪ್ರಾಜೆಕ್ಟ್ ವರದಿಯ ಕೋಷ್ಟಕದಲ್ಲಿ ಅಂಕದ ಪಕ್ಕದಲ್ಲೇ ಇನ್ನೊಂದು ಕಾಲಮ್ ಇರಬೇಕು: ಕ್ರಿಯೆ ನಡೆಯುವ ಪರಮಾಣುವಿನಿಂದ ಕಬ್ಬಿಣಕ್ಕೆ ಎಷ್ಟು ದೂರ. ಅದು ಖಾಲಿ ಇದ್ದರೆ ವರದಿಯನ್ನು ಸಹಿ ಹಾಕದೆ ವಾಪಸ್ ಕಳುಹಿಸುತ್ತೇನೆ.